ನಾಲ್ಕನೇ ಸುತ್ತು

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ತಾವು ಕಟ್ಟಿದ ಒಂದೇ ಒಂದು ಕಂಪ್ಯೂಟರಿನ ಮೇಲೂ ಹೆಸರು ಅಂಟಿಸದ ಮನುಷ್ಯ ಅವರು. ಅಂಥವರ ಹೆಸರನ್ನು ಸತ್ತ ಮೇಲೆ ಅಚ್ಚು ಹಾಕಿಸಿದರೆ ಸೇಡು ತೀರಿಸಿಕೊಂಡ ಹಾಗಾಗುತ್ತದೆ. ನನ್ನ ಸಂಗತಿ ಬೇರೆ. ಬೀದರಿನ ಚೌಬಾರಾ ಹತ್ತಿರದ ಗಲ್ಲಿಯಲ್ಲಿ ನನ್ನ ಅಂಗಡಿ. ಅಲ್ಲಿಂದ ಹೊರಬಿದ್ದ ಪ್ರತಿ ಯಂತ್ರದ ಎದುರಿಗೂ ಅಂಗೈಯಗಲದ ಬೆಳ್ಳಿ ಬಣ್ಣದ ಸ್ಟಿಕ್ಕರ್ ಇರುತ್ತಿತ್ತು. ಅದರಲ್ಲಿ ನನ್ನ ಹೆಸರು, ಊರು, ಫೋನ್ ನಂಬರು. ಗಿರಾಕಿಗೆ ಒಪ್ಪಿಸುವ ಮುಂಚೆ ಅದನ್ನು ಹೆಬ್ಬೆರಳಿನಿಂದ ಮೂರು ಸಲ ಉಜ್ಜಿ ಕೊಡುತ್ತಿದ್ದೆ.

ಅವರು ತೀರಿಹೋದ ಸುದ್ದಿ ನನಗೆ ಬಂದದ್ದು ಕೀಬೋರ್ಡುಗಳ ಆರ್ಡರಿನ ನಡುವೆ. ಹೈದರಾಬಾದಿನಿಂದ ನಮಗೆ ಬಿಡಿಭಾಗ ಕಳಿಸುವ ವ್ಯಾಪಾರಿ ಫೋನಿನಲ್ಲಿ ಲೆಕ್ಕ ಬರೆದುಕೊಳ್ಳುತ್ತ, ನಿಮ್ಮ ಭಾಲ್ಕಿಯ ರೇಡಿಯೋ ಅಣ್ಣ ಹೋದರಂತಲ್ಲ, ಎರಡು ತಿಂಗಳಾಯಿತಂತೆ ಎಂದ. ನಾನು ಹೌದಾ ಎಂದೆ. ಆಮೇಲೆ ಕೀಬೋರ್ಡು ಎಷ್ಟು, ಮೌಸು ಎಷ್ಟು ಎಂದು ಪೂರ್ತಿ ಹೇಳಿ ಮುಗಿಸಿಯೇ ಫೋನ್ ಇಟ್ಟೆ. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ, ಆಗ ನನಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಮುಂದಿನ ತಿಂಗಳು.

ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಗೂಡಿನಂಥ ಅಂಗಡಿ. ಮೊದಲು ಇಪ್ಪತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಟೀವಿ ಬಂದು ರೇಡಿಯೋ ಮೂಲೆ ಸೇರಿದಾಗ ಅವರಿಗೆ ನಲವತ್ತು ದಾಟಿತ್ತು. ಯಾವುದೋ ಕಚೇರಿಯವರು ಎಸೆದ ಕಂಪ್ಯೂಟರ್ ಒಂದನ್ನು ತಂದು, ಒಳಗಿನ ಒಂದೊಂದೇ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಮದುವೆ ಪತ್ರಿಕೆಗಳ ಬೆನ್ನಿಗೆ ಚಿತ್ರ ಬರೆದುಕೊಂಡು ಕಲಿತರಂತೆ. ಇಂಗ್ಲಿಷು ಅಷ್ಟಕ್ಕಷ್ಟೇ. ಪರದೆಯ ಮೇಲೆ ಬರುವ ತಪ್ಪಿನ ಸಂದೇಶವನ್ನು ಓದುತ್ತಿರಲಿಲ್ಲ, ಅದರ ಆಕಾರ ಗುರುತಿಡುತ್ತಿದ್ದರು. ಡಿಪ್ಲೊಮಾ ಓದಿ ಬಂದ ನನಗಿಂತ ಬೇಗ ರೋಗ ಹಿಡಿಯುತ್ತಿದ್ದರು. ನನ್ನನ್ನು ಕರೆಯುತ್ತಿದ್ದುದು ಮಾತ್ರ 'ಇಂಜಿನಿಯರ್ ಸಾಹೇಬ್ರ' ಎಂದು. ನಗಿಸಲು ಹಾಗನ್ನುತ್ತಾರೋ ಖರೆಯಾಗಿಯೋ ಎಂದು ಕಡೆಯವರೆಗೂ ನನಗೆ ಗೊತ್ತಾಗಲಿಲ್ಲ. ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ.

ಯಂತ್ರ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಬಲಗೈಯ ಹಿಂಬದಿಯನ್ನು ಡಬ್ಬಿಯ ಮೈಗೆ ತಾಗಿಸಿ ನಿಲ್ಲುವುದು ಅವರ ಚಾಳಿ. ಮನೆಯಲ್ಲಿ ಹುಡುಗರಿಗೆ ಮೈ ಬಿಸಿಯಾದಾಗ ತಾಯಂದಿರು ಹಾಗೆ ನೋಡುತ್ತಾರಲ್ಲ, ಹಾಗೆ. ಕಣ್ಣು ಬೇರೆಲ್ಲೋ ಇರುತ್ತಿತ್ತು, ಬಾಯಿ ಬೇರೆ ಏನೋ ಮಾತಾಡುತ್ತಿತ್ತು, ಕೈ ಮಾತ್ರ ಅಲ್ಲೇ. ಒಳಗಿನ ವೈರುಗಳನ್ನು ನಾವೆಲ್ಲ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುತ್ತೇವೆ. ಅವರು ಚೀಲ ಹೊಲಿಯುವ ದಾರದಿಂದ ಕಟ್ಟುತ್ತಿದ್ದರು. ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ಕು ಎರಡು ವರ್ಷದಲ್ಲಿ ಕಡ್ಡಿಯಾಗಿ ಮುರಿಯುತ್ತದೆ ಎನ್ನುವುದು ಅವರ ವಾದ. ಗಾಳಿ ಒಳಹೋಗುವ ಕಿಂಡಿಗೆ ಹಳೇ ಧೋತರದ ತುಂಡು ಹೊಲಿದು ಕೂರಿಸುತ್ತಿದ್ದರು, ಧೂಳು ಸೋಸಲಿಕ್ಕೆ. ನೋಡಿದವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಕಂಪ್ಯೂಟರಿಗೆ ಲಂಗೋಟಿ ಕಟ್ಟೀರೇನ್ರಿ ಅಣ್ಣಾರ ಎಂದು ಗಿರಾಕಿಗಳ ಎದುರಿಗೇ ಅಂದಿದ್ದೇನೆ.

ನಮ್ಮಿಬ್ಬರ ಸ್ಪರ್ಧೆ ಶುರುವಾದದ್ದೂ ಅಂಥದೇ ಒಂದು ಕುಚೇಷ್ಟೆಯಿಂದ. ಯಾರ ಯಂತ್ರ ಜೋರು ಎಂದು ಮಾತಿಗೆ ಮಾತು ಬೆಳೆಯಿತು. ದಸರೆಯ ಖಂಡೆ ಪೂಜೆಯ ಮರುದಿನ ಇಬ್ಬರೂ ಒಂದೊಂದು ಹೊಸ ಯಂತ್ರ ಕಟ್ಟಿ ತರಬೇಕು, ನನ್ನ ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟು ಓಡಿಸಬೇಕು ಎಂದಾಯಿತು. ವರ್ಷ ಬಿಡದೆ ನಾಲ್ಕು ಸಲ ನಡೆಯಿತು. ಷರತ್ತು ಎರಡು. ಒಳಗಿನ ಸಾಮಾನೆಲ್ಲ ಒಂದೇ ವ್ಯಾಪಾರಿಯ ಹತ್ತಿರ ಒಂದೇ ದಿನ ಜೋಡಿಯಾಗಿ ತಂದದ್ದಿರಬೇಕು. ಅದೇ ಪ್ರೊಸೆಸರು, ಅದೇ ಬೋರ್ಡು, ಅಷ್ಟೇ ಮೆಮೊರಿ. ಕಂಪನಿ ಹೇಳಿದ ವೇಗಕ್ಕಿಂತ ಹೆಚ್ಚು ಓಡಿಸಕೂಡದು. ಗೆಲ್ಲುವುದು ಕೈಕೆಲಸದಿಂದ, ಒಳಗೆ ಏನನ್ನು ಹೇಗೆ ಜೋಡಿಸಿದೆ ಎನ್ನುವುದರಿಂದ. ಎದುರಿನ ಚಹಾದಂಗಡಿಯ ಚಾಚಾ ಪಂಚ. ಅವರಿಗೆ ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ, ಅದಕ್ಕೇ ಅವರು. ಸಾಲೆಯ ಆಟದ ಮಾಸ್ತರರಿಂದ ಕಡ ತಂದ ಸ್ಟಾಪ್‌ವಾಚು ಅವರ ಕೈಯಲ್ಲಿ. ಸೋತವರು ಗಲ್ಲಿಗೆಲ್ಲ ಚುರುಮುರಿಯ ಸುಸಲಾ, ಮಿರ್ಚಿ ಭಜಿ ತಿನಿಸಬೇಕು.

ಸುತ್ತುಗಳು ಮೂರು. ಮೊದಲನೆಯದು, ಗುಂಡಿ ಒತ್ತಿದ ಮೇಲೆ ಯಂತ್ರ ಎಷ್ಟು ಬೇಗ ಎದ್ದು ಕೂರುತ್ತದೆ ಎಂಬುದು. ಎರಡನೆಯದು, ನಾನು ಅಕ್ಷರ ಜೋಡಿಸಿದ್ದ ಮುನ್ನೂರು ಪುಟದ ಸ್ಮರಣ ಸಂಚಿಕೆಯೊಂದನ್ನು ತೆರೆದು ಮೊದಲಿಂದ ಕೊನೆಯವರೆಗೆ ಓಡಿಸುವುದು. ಮೂರನೆಯದು, ವಚನ ಗಾಯನದ ಒಂದು ಸಿಡಿಯನ್ನು ಪೂರ್ತಿ ಎಂಪಿ ಥ್ರೀಗೆ ಇಳಿಸುವುದು. ಮೊದಲನೇ ಸುತ್ತು ಅವರು ಯಾವಾಗಲೂ ಸೋಲುತ್ತಿದ್ದರು. ಯಂತ್ರ ಏಳುವಾಗ ತನ್ನ ಮೆಮೊರಿಯನ್ನೆಲ್ಲ ಒಮ್ಮೆ ಎಣಿಸಿಕೊಳ್ಳುತ್ತದೆ. ನಾನು ಆ ಎಣಿಕೆಯನ್ನು ಬಂದ್ ಮಾಡಿಡುತ್ತಿದ್ದೆ, ಅವರು ಮಾಡುತ್ತಿರಲಿಲ್ಲ. ಎದ್ದ ಕೂಡಲೇ ಮೈಕೈ ಮುಟ್ಟಿ ನೋಡಿಕೊಳ್ಳದೆ ಓಡಬಾರದು ಎನ್ನುತ್ತಿದ್ದರು. ಆದರೂ ಉಳಿದೆರಡರಲ್ಲಿ ನನ್ನನ್ನು ಹಿಡಿದುಬಿಡುತ್ತಿದ್ದರು. ನಾಲ್ಕು ವರ್ಷದಲ್ಲಿ ಎರಡು ನನ್ನದು, ಎರಡು ಅವರದು.

ಮೂರು ಸುತ್ತು ಮುಗಿದ ಮೇಲೆ ಅವರು ಪ್ರತಿ ವರ್ಷವೂ ಒಂದು ಮಾತು ತೆಗೆಯುತ್ತಿದ್ದರು. ನಾಲ್ಕನೇ ಸುತ್ತು ಇಡೋಣ್ರಿ ಸಾಹೇಬ್ರ, ಎರಡನ್ನೂ ಬಂದ್ ಮಾಡದ ಹಾಗೇ ಬಿಡೋಣ, ಯಾವುದು ಎಷ್ಟು ದಿನ ಉಳಿಯುತ್ತದೋ ನೋಡೋಣ ಎಂದು. ನಾನು ಭಜಿ ಅಗಿಯುತ್ತ ನಗುತ್ತಿದ್ದೆ. ಅದೇನು ಸ್ಪರ್ಧೆಯೇ, ಅದು ಕಾವಲು ಕಾಯುವ ಕೆಲಸ ಎನ್ನುತ್ತಿದ್ದೆ. ಅವರು ಒತ್ತಾಯ ಮಾಡಿದವರಲ್ಲ.

ಆಮೇಲೆ ಮಳೆ ಹೋಯಿತು. ಒಂದು ವರ್ಷ ಹೋಗಿ, ಎರಡನೇ ವರ್ಷವೂ ಹೋಯಿತು. ಮಾಂಜ್ರಾ ನದಿಯಲ್ಲಿ ಜನ ಚಿಲುಮೆ ತೋಡಿ ನೀರು ಮೊಗೆಯುತ್ತಿದ್ದರು. ಔರಾದ ಕಡೆಯ ಹಳ್ಳಿಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವವರು ಲಾರಿಗಳಲ್ಲಿ, ಹೈದರಾಬಾದಿಗೆ ಗಾರೆ ಕೆಲಸಕ್ಕೆ ಹೋಗುವವರು ರೈಲಿನಲ್ಲಿ. ಭಾಲ್ಕಿ ಸ್ಟೇಷನ್ನಿಗೆ ಗಂಟುಮೂಟೆ ಹೊತ್ತು ಬಂದವರು ಕೊನೆಯದಾಗಿ ಅಣ್ಣನ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಮನೆಯಲ್ಲಿದ್ದ ರೇಡಿಯೋ ಕೊಟ್ಟು ಟಿಕೇಟಿನ ಹಣ ಮಾಡಿಕೊಳ್ಳಲಿಕ್ಕೆ. ಅಣ್ಣ ಕೈಯಲ್ಲಿದ್ದ ಹಣ ಕೊಡುತ್ತಿದ್ದರು, ರೇಡಿಯೋ ಮಾತ್ರ ಕೊಳ್ಳುತ್ತಿರಲಿಲ್ಲ. ಒಂದು ರಟ್ಟಿನ ಚೀಟಿಯ ಮೇಲೆ ತಂದವರ ಹೆಸರು, ಊರು ಬರೆದು, ಅದೇ ಚೀಲದ ದಾರದಿಂದ ರೇಡಿಯೋದ ಕಿವಿಗೆ ಕಟ್ಟಿ ಮೇಲಿನ ಹಲಗೆಯಲ್ಲಿ ಇಡುತ್ತಿದ್ದರು. ಇದೇನ್ರಿ ಅಣ್ಣಾರ ಎಂದು ನಾನೊಮ್ಮೆ ಕೇಳಿದೆ.

"ಮಾರಿ ಹೋದ್ರ ಮತ್ತ ತಿರುಗಿ ಬರಂಗಿಲ್ರಿ ಮಂದಿ. ಇಟ್ಟು ಹೋದ್ರ ತಗೊಳ್ಳಾಕಂತರ ಬರ್ತಾರ" ಎಂದರು.

ಆ ಎರಡು ವರ್ಷ ಅವರ ಅಂಗಡಿಗೆ ಕಂಪ್ಯೂಟರ್ ಕೇಳಿ ಬಂದವರು ಇಲ್ಲವೇ ಇಲ್ಲ. ನನ್ನದೂ ಹೆಚ್ಚುಕಡಿಮೆ ಅದೇ ಪಾಡು. ಅಕ್ಷರ ಜೋಡಿಸಲು ಬರುವ ಮದುವೆ ಪತ್ರಿಕೆಗಳು ಕಡಿಮೆಯಾದವು, ಇದ್ದ ಗಿರಾಕಿಗಳು ನಾಳೆ ಎಂದು ಹೋದವರು ತಿರುಗಿ ಮುಖ ತೋರಿಸಲಿಲ್ಲ. ಇಬ್ಬರೂ ಹೊರಗೆ ನಗುತ್ತ ಒಳಗೆ ಉಸಿರು ಬಿಗಿಹಿಡಿದು ಕೂತಿದ್ದ ದಿನಗಳು ಅವು.

ಐದನೇ ಸ್ಪರ್ಧೆಗೆ ಸ್ವಲ್ಪ ಮುಂಚೆ ಬಂದವರು ಔರಾದಿನ ಬಾಯೋರು, ಎಂದರೆ ಟೀಚರು. ಕಬ್ಬಿಗೆ ಹೋಗುವವರ ಮಕ್ಕಳನ್ನು ತಂದೆತಾಯಿ ತಿರುಗಿ ಬರುವ ತನಕ ಇಟ್ಟುಕೊಂಡು ಓದಿಸುವ ಒಂದು ವಸತಿಶಾಲೆಯನ್ನು ಅವರು ನಡೆಸುತ್ತಿದ್ದರು. ಅಂಥವು ಅವರ ಸಂಸ್ಥೆಯವು ಜಿಲ್ಲೆಯಲ್ಲಿ ಹನ್ನೆರಡಿದ್ದವು. ಹನ್ನೆರಡಕ್ಕೂ ಒಂದೊಂದು ಕಂಪ್ಯೂಟರ್ ಬೇಕಿತ್ತು. ನಮ್ಮ ಸ್ಪರ್ಧೆಯ ಸುದ್ದಿಯನ್ನು ಬಾಯೋರಿಗೆ ಚಾಚಾ ಹೇಳಿದ್ದರು. ಬಾಯೋರು ಗಟ್ಟಿ ಮನುಷ್ಯೆ, ಸುತ್ತುಬಳಸಿ ಮಾತಾಡುವವರಲ್ಲ. ಈ ಸಲ ಗೆದ್ದ ಯಂತ್ರವನ್ನು ಅವತ್ತೇ ಔರಾದಿಗೆ ಒಯ್ಯುತ್ತೇನೆ, ಯುಗಾದಿ ತನಕ ನಿಲ್ಲದೆ ನಡೆದರೆ ಉಳಿದ ಹನ್ನೊಂದೂ ಅದೇ ಕೈಗೆ ಎಂದರು. ಆರ್ಡರು ಸಿಕ್ಕವನ ಅಂಗಡಿ ಉಳಿಯುತ್ತದೆ, ಇನ್ನೊಬ್ಬನದು ಮುಚ್ಚುತ್ತದೆ ಎಂದು ನಮ್ಮಿಬ್ಬರಿಗೂ ಆಗಲೇ ಗೊತ್ತಾಯಿತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರೂ ಒಂದೇ ಬಸ್ಸಿಗೆ ಹೈದರಾಬಾದಿಗೆ ಹೋಗಿ ಸಾಮಾನು ತಂದೆವು. ದಾರಿಯಲ್ಲಿ ಜಹೀರಾಬಾದಿನಲ್ಲಿ ಅವರು ನನಗೆ ಚಹಾ ಕುಡಿಸಿದರು.

ಈಗ ಹೇಳಿಬಿಡುತ್ತೇನೆ. ಬೋರ್ಡಿನ ಮೇಲೆ ಜಂಪರ್ ಎಂದು ಒಂದು ಇರುತ್ತದೆ, ಜೋಳದ ಕಾಳಿನಷ್ಟು ಪ್ಲಾಸ್ಟಿಕ್ಕಿನ ಟೋಪಿ. ಅದನ್ನು ಒಂದು ಕಡ್ಡಿಯಿಂದ ಕಿತ್ತು ಪಕ್ಕದ ಕಡ್ಡಿಗೆ ಹಾಕಿದರೆ ಪ್ರೊಸೆಸರು ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡುತ್ತದೆ. ಜೋರಾಗಿ ಓಡಿದರೆ ಕಾಯುತ್ತದೆ, ಬಹಳ ದಿನ ಕಾದರೆ ಸುಡುತ್ತದೆ. ಪೂಜೆಯ ದಿನ ಮಧ್ಯಾಹ್ನ, ಯಂತ್ರಕ್ಕೆ ಕುಂಕುಮ ಹಚ್ಚುವ ಮುಂಚೆ, ನಾನು ಆ ಟೋಪಿ ಬದಲಿಸಿದೆ. ಗೆದ್ದ ಮೇಲೆ ಬಾಯೋರು ಒಯ್ಯುವ ಮುಂಚೆ ಮೊದಲಿನ ಜಾಗಕ್ಕೆ ಹಾಕಿದರಾಯಿತು, ಯಾರಿಗೇನು ನಷ್ಟ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದೇ ಕೈಯಿಂದ ಕುಂಕುಮ ಹಚ್ಚಿದೆ. ಅದು ಇವತ್ತಿಗೂ ನನಗೆ ಆಶ್ಚರ್ಯ.

ಮರುದಿನ ಮೂರೂ ಸುತ್ತು ನಾನೇ ಗೆದ್ದೆ. ಮೂರನೇ ಸುತ್ತಿನಲ್ಲಿ ಅವರ ಯಂತ್ರ ಇನ್ನೂ ಎರಡು ಹಾಡು ಬಾಕಿ ಇರುವಾಗಲೇ ನನ್ನದು ಮುಗಿಸಿ ಕೂತಿತ್ತು. ಒಂದೇ ಪೆಟ್ಟಿಗೆಯಿಂದ ಬಂದ ಒಂದೇ ಸಾಮಾನು, ಎರಡು ಹಾಡಿನ ಅಂತರ ಎಲ್ಲಿಂದ ಬರಬೇಕು? ಕಂಪ್ಯೂಟರ್ ಬಲ್ಲವರಿಗೆ ಅಷ್ಟು ಸಾಕು. ಗಲ್ಲಿಯವರು ಚಪ್ಪಾಳೆ ತಟ್ಟಿದರು. ಚಾಚಾ ಸ್ಟಾಪ್‌ವಾಚನ್ನು ಎಲ್ಲರಿಗೂ ತೋರಿಸುತ್ತ ತಿರುಗಾಡಿದರು. ಅಣ್ಣ ಎದ್ದು ಬಂದು, ಎಂದಿನಂತೆ ಬಲಗೈಯ ಹಿಂಬದಿಯನ್ನು ನನ್ನ ಯಂತ್ರದ ಮೈಗೆ ತಾಗಿಸಿ ನಿಂತರು. ಆ ಸಲ ಕಣ್ಣು ಬೇರೆಲ್ಲೂ ಇರಲಿಲ್ಲ, ನನ್ನ ಮೇಲೇ ಇತ್ತು. ಎಷ್ಟು ಹೊತ್ತು ನಿಂತರೋ.

"ಜರಾ ಜ್ವರ ಅದ ನೋಡ್ರಿ ಇದಕ್ಕ" ಎಂದರು, ನನಗೊಬ್ಬನಿಗೇ ಕೇಳುವ ಹಾಗೆ. "ನೆರಳಿಗಿಡಾಕ ಹೇಳ್ರಿ ಬಾಯೋರಿಗಿ."

ಅಷ್ಟೇ. ಆಮೇಲೆ ತಿರುಗಿ ಸುಸಲಾ ತರಿಸಲು ಹೋದರು. ಒಂದು ಮಾತು ಆಡಿದ್ದರೆ ನಾನು ಅಲ್ಲೇ ನೆಲಕ್ಕಿಳಿದು ಹೋಗುತ್ತಿದ್ದೆ, ಆರ್ಡರು ಅವರದಾಗುತ್ತಿತ್ತು. ಆಡಲಿಲ್ಲ. ಅವತ್ತು ಸಂಜೆಯ ಬಸ್ಸಿಗೇ ಬಾಯೋರು ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿಸಿಕೊಂಡು ಹೊರಟರು. ಟೋಪಿಯನ್ನು ಮೊದಲಿನ ಜಾಗಕ್ಕೆ ಹಾಕಲು ನನಗೆ ಸಮಯ ಸಿಗಲಿಲ್ಲ. ಎಲ್ಲರೆದುರು ಡಬ್ಬಿ ಬಿಚ್ಚಿದರೆ ಯಾಕೆ ಎಂದು ಕೇಳುತ್ತಿದ್ದರು. ನಾಳೆ ಔರಾದಿಗೆ ಹೋಗಿ ಸರಿಮಾಡಿದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ.

ಬಸ್ಸು ಬಿಡುವ ಮುಂಚೆ ಅಣ್ಣ ಒಂದು ಕೆಲಸ ಮಾಡಿದರು. ತಮ್ಮ ಚೀಲದಿಂದ ಹಳೆಯ ಮೈಕು ಒಂದನ್ನು ತೆಗೆದು ಬಾಯೋರ ಕೈಗೆ ಕೊಟ್ಟರು. ಅದನ್ನು ಕಂಪ್ಯೂಟರಿನ ಹಿಂದೆ ಎಲ್ಲಿ ಸಿಕ್ಕಿಸಬೇಕು ಎಂದು ತೋರಿಸಿದರು. ಮಂದಿ ಕಬ್ಬಿಗೆ ಹೋಗುವ ಮುಂಚೆ ಒಬ್ಬೊಬ್ಬರ ಎರಡೆರಡು ಮಾತು ಇದರಲ್ಲಿ ಹಿಡಿದಿಡಿ, ಸಣ್ಣ ಹುಡುಗರು ರಾತ್ರಿ ಅತ್ತರೆ ಹಚ್ಚಿ ಕೇಳಿಸಿ ಎಂದರು. ಆಗಿನ್ನೂ ಕೂಲಿಯವರ ಕೈಗೆ ಮೊಬೈಲು ಬಂದಿರಲಿಲ್ಲ. ಸೋತ ದಿನ, ಆರ್ಡರು ಹೋದ ದಿನ, ಅವರಿಗೆ ಇದು ಹೇಗೆ ನೆನಪಾಯಿತೋ ನಾನರಿಯೆ.

ಬಾಯೋರು ಹಾಗೇ ಮಾಡಿದರಂತೆ. ದೀಪಾವಳಿ ಕಳೆದು ಲಾರಿಗಳು ಬರುವ ಮುಂಚೆ ಅರವತ್ತು ಮನೆಯವರು ಸಾಲಿನಲ್ಲಿ ಬಂದು ಮೈಕಿನ ಮುಂದೆ ಕೂತು ಮಾತಾಡಿ ಹೋದರಂತೆ. ಕೆಲವರಿಗೆ ಮಾತೇ ಬರದೆ ಬರೀ ಕೆಮ್ಮಿದ್ದಾರೆ, ಅದನ್ನೂ ಇಟ್ಟಿದ್ದೇನೆ ಎಂದು ಬಾಯೋರು ಫೋನಿನಲ್ಲಿ ಹೇಳಿದರು. ಅಷ್ಟೂ ದನಿ ನನ್ನ ಯಂತ್ರದೊಳಗೆ ಇತ್ತು, ಜ್ವರ ಹತ್ತಿದ ಯಂತ್ರದೊಳಗೆ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಒಂದು ದಿನ ಬಾಯೋರ ಫೋನ್ ಬಂತು. ಯಂತ್ರ ಏಳುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ, ಬೇಗ ಬನ್ನಿ, ಹುಡುಗರು ಕೇಳುತ್ತಿದ್ದಾರೆ ಎಂದರು. ಎರಡು ದಿನದಲ್ಲಿ ಬರುತ್ತೇನೆ ಎಂದೆ. ಹೋಗಲಿಲ್ಲ. ಹೋಗಿ ಡಬ್ಬಿ ಬಿಚ್ಚಿದರೆ ನನ್ನ ಕಳ್ಳತನವನ್ನು ನಾನೇ ಬಾಯೋರ ಮುಂದೆ ಇಟ್ಟ ಹಾಗೆ. ಹೋಗದಿದ್ದರೆ ಆರ್ಡರು ಹೋಗುತ್ತದೆ. ಎರಡರ ನಡುವೆ ಅಂಗಡಿಯಲ್ಲಿ ಕೂತು ನೊಣ ಹೊಡೆದೆ. ನಾಲ್ಕನೇ ದಿನ ಧೈರ್ಯ ಮಾಡಿ ನಾನೇ ಫೋನ್ ಮಾಡಿದರೆ ಬಾಯೋರು, ಈಗ ನಡೀಲಿಕತ್ತದ, ಬರಾಬರ್ ಅದ ಎಂದರು. ಯಾರು ಸರಿಮಾಡಿದರು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ತಾನೇ ತಣ್ಣಗಾಗಿ ಎದ್ದಿರಬೇಕು ಎಂದುಕೊಂಡೆ. ಸುಟ್ಟ ವಾಸನೆ ಬಂದ ಯಂತ್ರ ತಾನೇ ಏಳುವುದಿಲ್ಲ ಎಂಬುದು ಈ ವೃತ್ತಿಯ ಮೊದಲನೇ ಪಾಠ. ಇಂಜಿನಿಯರ್ ಸಾಹೇಬರು ಆ ಪಾಠವನ್ನು ಅವತ್ತು ಬೇಕೆಂದೇ ಮರೆತರು.

ಯುಗಾದಿಗೆ ಹನ್ನೊಂದು ಯಂತ್ರಗಳ ಆರ್ಡರು ನನಗೆ ಬಂತು.

ಆ ಬೇಸಿಗೆಯಲ್ಲಿ ಒಮ್ಮೆ ಕೆಲಸದ ಮೇಲೆ ಭಾಲ್ಕಿಗೆ ಹೋದಾಗ ಅಣ್ಣನ ಅಂಗಡಿಗೆ ಹೋದೆ. ಮೇಜು ಖಾಲಿ. ಮೇಲಿನ ಹಲಗೆ ಮಾತ್ರ ರೇಡಿಯೋಗಳಿಂದ ತುಂಬಿತ್ತು. ಸ್ಪರ್ಧೆಗೆ ಕಟ್ಟಿದ್ದ ನಿಮ್ಮ ಯಂತ್ರ ಎಲ್ಲಿ ಎಂದು ಕೇಳಿದೆ. ಹೋಯಿತು ಎಂದರು. ಯಾರಿಗೆ ಎಂದೆ. ಔರಾದ ಕಡೆ ಒಬ್ಬರಿಗೆ ಬೇಕಾಗಿತ್ತು ಎಂದರು. ಪರವಾಯಿಲ್ಲ, ಇವರದೂ ಒಂದು ಮಾರಾಟವಾಯಿತಲ್ಲ ಎಂದು ನನಗೆ ಎಷ್ಟೋ ಹಗುರವೆನಿಸಿತು. ಆ ಹಗುರದಲ್ಲಿ ಅವರಿಗೆ ಎರಡು ಮಿರ್ಚಿ ಭಜಿ ಕೊಡಿಸಿದೆ.

ಮೂರನೇ ವರ್ಷವೂ ಮಳೆ ಕೈಕೊಟ್ಟಿತು. ಆ ವರ್ಷ ಖಂಡೆ ಪೂಜೆಗೆ ಸ್ಪರ್ಧೆ ನಡೆಯಲಿಲ್ಲ. ಪೂಜೆಗೆ ಎಂಟು ದಿನ ಮುಂಚೆ, ಮಧ್ಯಾಹ್ನದ ಹೊತ್ತು, ಅಣ್ಣ ಒಂದು ಗೋಣಿಚೀಲ ಹೊತ್ತು ನನ್ನ ಅಂಗಡಿಗೆ ಬಂದರು. ಒಳಗೆ ಒಂಬತ್ತು ರೇಡಿಯೋ. ಅಂಗಡಿ ಬಿಟ್ಟೆ, ಹೈದರಾಬಾದಿನ ಒಂದು ಗೋದಾಮಿನಲ್ಲಿ ಕಾವಲುಗಾರನ ಕೆಲಸ ಸಿಕ್ಕಿದೆ, ಮನೆಯವರನ್ನೂ ಕರೆದುಕೊಂಡು ಹೊರಟಿದ್ದೇನೆ ಎಂದರು. ಗೋದಾಮಿನ ತುಂಬ ಕಂಪ್ಯೂಟರ್ ಡಬ್ಬಿಗಳೇ ಅಂತೆ. ಬಿಚ್ಚುವ ಹಾಗಿಲ್ಲ, ನೋಡಿಕೊಂಡು ಕೂಡುವುದಷ್ಟೇ ಎಂದು ನಕ್ಕರು. ಬಹಳಷ್ಟು ರೇಡಿಯೋಗಳನ್ನು ಊರೂರು ತಿರುಗಿ ಅವರವರ ಮನೆಗೆ ಮುಟ್ಟಿಸಿ ಬಂದಿದ್ದರು. ಈ ಒಂಬತ್ತರ ಮನೆಗಳಿಗೆ ಮಾತ್ರ ಬೀಗ.

"ಚೀಟಿ ಕಟ್ಟೀನ್ರಿ. ಕೇಳ್ಕೋತ ಬಂದ್ರ ಕೊಟ್ಟುಬಿಡ್ರಿ. ಏನೂ ತಗೋಬ್ಯಾಡ್ರಿ ಅವ್ರ ಕಡಿಂದ."

ಚಾಚಾ ಚಹಾ ತಂದಿಟ್ಟರು. ಲೋಟ ಹಿಡಿದ ಅಣ್ಣನ ಕೈ ನೋಡಿದೆ. ಬೆಸುಗೆ ಕಡ್ಡಿ ತಾಗಿ ತಾಗಿ ಬೆರಳ ತುದಿಗಳು ಕಂದಿಹೋಗಿದ್ದವು. ಆ ಕೈಯನ್ನು ನಾನು ಗೇಟು ಕಾಯಲು ಕಳಿಸುತ್ತಿದ್ದೇನೆ ಎನ್ನಿಸಿತು. ಅಣ್ಣಾರ, ಆವತ್ತು ಸ್ಪರ್ಧೆಯೊಳಗ ನಾ ಒಂದು... ಎಂದು ಶುರು ಮಾಡಿದೆ. ಅವರು ಲೋಟ ಕೆಳಗಿಟ್ಟರು.

"ಬಿಡ್ರಿ ಸಾಹೇಬ್ರ. ಮಶೀನ್ ನಡೀಲಿಕತ್ತದಲ್ಲ? ಮಶೀನ್ ನಡೀಬೇಕ್ರಿ, ಅಷ್ಟ."

ಎದ್ದು ಹೊರಟರು. ಗಲ್ಲಿಯ ತಿರುವಿನವರೆಗೆ ಹೋಗಿ ಕಳಿಸಿದೆ. ತಿರುಗಿ ನೋಡಲಿಲ್ಲ. ಮತ್ತೆ ನಾನು ಅವರನ್ನು ಕಂಡಿಲ್ಲ. ಸಾಮಾನು ತರಲು ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗುತ್ತಿದ್ದೆ, ಅವರ ಗೋದಾಮು ಯಾವ ಕಡೆ ಎಂದೂ ಗೊತ್ತಿತ್ತು. ಇವತ್ತು ಹೊತ್ತಾಯಿತು, ಮುಂದಿನ ಸಲ ಹೋದರಾಯಿತು ಎಂದು ಬಸ್ಸು ಹತ್ತಿ ಬರುತ್ತಿದ್ದೆ. ಹೀಗೆ ಎಂಟು ವರ್ಷ.

ಆ ಎಂಟು ವರ್ಷ ನಾನು ಔರಾದಿನ ಯಂತ್ರದ ಹೆಸರಿನಲ್ಲಿ ಅನ್ನ ತಿಂದೆ. ನಾನು ಕಟ್ಟಿಕೊಟ್ಟ ಉಳಿದ ಹನ್ನೊಂದರಲ್ಲಿ ನಾಲ್ಕು ಬೇಸಿಗೆ ದಾಟಿದ್ದು ಒಂದೂ ಇಲ್ಲ. ಔರಾದಿನದು ಮಾತ್ರ ನಡೆದೇ ನಡೆಯಿತು. ಗಿರಾಕಿ ಯಾರಾದರೂ ಚೌಕಾಸಿ ಮಾಡಿದರೆ, ಔರಾದಿಗೆ ಹೋಗಿ ನೋಡ್ರಿ ಸ್ವಾಮಿ, ತಗಡಿನ ಕೋಣೆ, ಧೂಳು, ಕರೆಂಟು ಬಂದರೆ ಬಂತು ಇಲ್ಲದಿದ್ದರೆ ಇಲ್ಲ, ಅಂಥಲ್ಲಿ ಇಷ್ಟು ವರ್ಷದಿಂದ ನನ್ನ ಯಂತ್ರ ನಿಂತಿದೆ, ಇದು ಕೈಗುಣ ಎಂದು ಎದೆ ತಟ್ಟುತ್ತಿದ್ದೆ. ಹೇಳಿ ಹೇಳಿ ನನಗೇ ಅದು ಖರೆ ಅನ್ನಿಸಿಬಿಟ್ಟಿತ್ತು.

ಅಣ್ಣ ಹೋದ ಸುದ್ದಿ ಬಂದ ಮುಂದಿನ ತಿಂಗಳು ಬಾಯೋರು ಬಂದರು. ಔರಾದಿನ ವಸತಿಶಾಲೆ ಮುಚ್ಚಿದೆ, ತಮಗೂ ನಿವೃತ್ತಿಯಾಗಿದೆ ಎಂದರು. ಆಟೋದಿಂದ ನನ್ನ ಯಂತ್ರವನ್ನು ಇಳಿಸಿದರು. ಬೆಳ್ಳಿ ಸ್ಟಿಕ್ಕರು ಮಾಸಿತ್ತು, ಹೆಸರು ಓದಲು ಬರುತ್ತಿತ್ತು. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ, ಒಳಗಿನ ದನಿಗಳನ್ನೆಲ್ಲ ಸಿಡಿಗೆ ಹಾಕಿಕೊಡಿ, ಆ ಹುಡುಗರು ಈಗ ದೊಡ್ಡವರಾಗಿದ್ದಾರೆ, ಕೆಲವರ ತಂದೆತಾಯಿ ಇಲ್ಲ, ಕೇಳಿಕೊಂಡು ಬರುತ್ತಾರೆ ಎಂದರು. ಅಣ್ಣನ ಸುದ್ದಿ ಅವರಿಗೆ ತಿಳಿದಿರಲಿಲ್ಲ. ಹೇಳಿದೆ. ಕುರ್ಚಿಯ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನು ಹೇಳಿದರೆ ತಪ್ಪಿಲ್ಲ, ಡಬ್ಬಿ ಬಿಚ್ಚಿ ನೋಡ್ರಿ ಎಂದರು.

ಬಿಚ್ಚಿದೆ. ಪಕ್ಕದ ತಗಡು ಕೈಗೆ ಬಂದ ಕೂಡಲೇ ಕಂಡದ್ದು ದಾರ. ಚೀಲ ಹೊಲಿಯುವ ದಾರದಿಂದ ವೈರುಗಳೆಲ್ಲ ಒಪ್ಪವಾಗಿ ಕಟ್ಟಿಕೊಂಡಿದ್ದವು. ಕಿಂಡಿಗೆ ಧೋತರದ ತುಂಡು, ಧೂಳಿನಿಂದ ಕಂಬಳಿಯಾಗಿತ್ತು. ಬೋರ್ಡು ನನ್ನದಲ್ಲ. ಪ್ರೊಸೆಸರು ನನ್ನದಲ್ಲ. ಅದರ ಮೇಲಿನ ಫ್ಯಾನು ನನ್ನದಲ್ಲ. ಸ್ಪರ್ಧೆಯಲ್ಲಿ ಸೋತ ಅವರ ಯಂತ್ರದ ಹೊಟ್ಟೆಯೆಲ್ಲ ಕಿತ್ತು ನನ್ನ ಡಬ್ಬಿಯಲ್ಲಿ ಕೂರಿಸಿದ್ದರು. ಎರಡೂ ಒಂದೇ ಜೋಡಿಯಾದ್ದರಿಂದ ನನ್ನ ಡಿಸ್ಕು ಏನೂ ಗೊತ್ತಾಗದ ಹಾಗೆ ಅದರ ಮೇಲೆ ಓಡಿತ್ತು. ನನ್ನದೆಂದರೆ ಆ ಡಿಸ್ಕು, ಹೊರಗಿನ ತಗಡು, ಸ್ಟಿಕ್ಕರು. ನನ್ನ ಸುಟ್ಟ ಬೋರ್ಡನ್ನು ಅವರು ಬಿಸಾಡಿರಲಿಲ್ಲ. ಕಾಗದದಲ್ಲಿ ಸುತ್ತಿ ಡಬ್ಬಿಯ ತಳದಲ್ಲಿ ಕಟ್ಟಿಟ್ಟಿದ್ದರು. ಬಿಡಿಸಿ ನೋಡಿದೆ. ಜಂಪರಿನ ಟೋಪಿ ನಾನು ಹಾಕಿದ ಕಡ್ಡಿಯ ಮೇಲೇ ಇತ್ತು.

ಬಾಯೋರು ಹೇಳಿದ್ದು ಇಷ್ಟು. ನಾನು ಬಾರದಿದ್ದಾಗ ಮೂರನೇ ದಿನ ಅವರು ಭಾಲ್ಕಿಗೆ ಫೋನ್ ಮಾಡಿದ್ದರು. ಅಣ್ಣ ಮೊದಲು ಬರಿಗೈಲಿ ಬಂದು ನೋಡಿ, ಧೂಳಿಗೆ ಹೋಗಿದೆ ಎಂದಷ್ಟೇ ಹೇಳಿ, ತಿರುಗಿ ಭಾಲ್ಕಿಗೆ ಹೋಗಿ ತಮ್ಮ ಯಂತ್ರ ಹೊತ್ತು ಮತ್ತೆ ಅದೇ ದಿನ ಬಂದರಂತೆ. ದುಡ್ಡು ಮುಟ್ಟಲಿಲ್ಲ. ಹಾಗಿದ್ದರೆ ಆ ಹನ್ನೊಂದು ಯಂತ್ರ ನಿಮಗೇ ಬರೆಯುತ್ತೇನೆ ಎಂದು ಬಾಯೋರು ಹೇಳಿದ್ದಕ್ಕೆ, ಬೇಡ, ಗೆದ್ದವರು ಅವರು, ಅವರ ಮುಂದೆ ನನ್ನ ಹೆಸರು ಎತ್ತಬೇಡಿ ಎಂದರಂತೆ. ಆಮೇಲೂ ಭಾಲ್ಕಿ ಬಿಡುವ ತನಕ ಮೂರು ಸಲ ಬಂದು ಧೂಳು ತೆಗೆದು ಹೋಗಿದ್ದರು.

ತಗಡಿನ ಒಳಮೈಯಲ್ಲಿ ಪೆನ್ಸಿಲಿನ ಸಾಲುಗಳಿದ್ದವು. ರೇಡಿಯೋ ಕಾಲದಿಂದಲೂ ಅವರದು ಆ ರೂಢಿ. ರಿಪೇರಿ ಮಾಡಿದ್ದನ್ನು ಒಳಗೇ ಬರೆದಿಡುತ್ತಿದ್ದರು, ಮುಂದೆ ಬಿಚ್ಚುವವರಿಗೆ ತಿಳಿಯಲಿ ಎಂದು. ಮೊದಲನೇ ಸಾಲು: 'ಬೋರ್ಡ ಹೋಗ್ಯಾದ. ಬ್ಯಾರೆ ಹಾಕೀನಿ. ದನಿ ಎಲ್ಲಾ ಬರಾಬರ್ ಅವ.' ಎರಡನೆಯದೂ ಮೂರನೆಯದೂ 'ಧೂಳ ತೆಗೆದೀನಿ' ಎಂದಷ್ಟೇ. ಕೊನೆಯದು ಸ್ವಲ್ಪ ಉದ್ದ: 'ಇನ್ನ ನನಗ ಬರೂದು ಆಗಂಗಿಲ್ಲ. ಬಿಚ್ಚಿದವ್ರು ಅರಿವಿ ತೊಳೆದು ಹಾಕ್ರಿ.' ಬಿಚ್ಚಿದವರು ಎಂದರೆ ನಾನಲ್ಲದೆ ಇನ್ಯಾರು? ಆ ಸ್ಟಿಕ್ಕರಿನ ಮೇಲೆ ಇದ್ದುದು ನನ್ನ ಫೋನ್ ನಂಬರು ತಾನೆ. ನಾನು ಎಂಟು ವರ್ಷ ಬಿಚ್ಚಲಿಲ್ಲ.

ಬಾಯೋರು ಹೋದ ಮೇಲೆ ಧೋತರದ ತುಂಡನ್ನು ಬಿಚ್ಚಿ ಹಿತ್ತಲ ನಲ್ಲಿಯ ಕೆಳಗೆ ತೊಳೆದೆ. ನೀರು ಮೂರು ಸಲ ಕರ್ರಗೆ ಹೋಯಿತು. ಬಿಸಿಲಿಗೆ ಒಣಗಿಸಿ ತಿರುಗಿ ಕಿಂಡಿಗೆ ಕಟ್ಟಿದೆ. ಕಣ್ಣು ಮಂಜಾಗಿ ದಾರ ಸಿಗುತ್ತಿರಲಿಲ್ಲ. ಗುಂಡಿ ಒತ್ತಿದೆ. ಯಂತ್ರ ನಿಧಾನಕ್ಕೆ ತನ್ನ ಮೆಮೊರಿಯನ್ನೆಲ್ಲ ಎಣಿಸಿಕೊಂಡು ಎದ್ದಿತು. ಮೊದಲ ದನಿ ಹಚ್ಚಿದೆ. ಯಾರೋ ಹೆಣ್ಣುಮಗಳು ಜಗಳಾಡಬ್ಯಾಡ, ಉಣ್ಣು, ಯುಗಾದಿಗಿ ಬರ್ತೇನಿ ಎಂದಳು. ಎರಡನೆಯದರಲ್ಲಿ ಒಬ್ಬ ಗಂಡಸು ಬರೀ ಕೆಮ್ಮಿದ. ಅರವತ್ತೂ ಹಾಡಿಸಿ, ಸಿಡಿಗೆ ಹಾಕಿ ಮುಗಿಯುವ ಹೊತ್ತಿಗೆ ಸಂಜೆಯಾಯಿತು. ಡಬ್ಬಿಯ ಮೈಗೆ ಕೈಯ ಹಿಂಬದಿ ತಾಗಿಸಿ ನೋಡಿದೆ. ತಂಪಾಗಿತ್ತು.

ಅವರು ಬಿಟ್ಟುಹೋದ ಒಂಬತ್ತು ರೇಡಿಯೋಗಳಲ್ಲಿ ಆರನ್ನು ಜನ ಬಂದು ಒಯ್ದಿದ್ದಾರೆ. ಮೂರು ಉಳಿದಿವೆ. ಅವುಗಳ ಪಕ್ಕದಲ್ಲಿ ಈಗ ಈ ಯಂತ್ರ ಇದೆ. ಬೆಳ್ಳಿ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ತೆಗೆದೆ. ರಟ್ಟಿನ ಚೀಟಿಯೊಂದರ ಮೇಲೆ ಅವರ ಹೆಸರು, ಕೆಳಗೆ ಭಾಲ್ಕಿ ಎಂದು ಬರೆದು, ಚೀಲದ ದಾರದಿಂದ ಕಟ್ಟಿದೆ. ಕೇಳಿಕೊಂಡು ಬಂದರೆ ಕೊಟ್ಟುಬಿಡಬೇಕು.